ಕಿಟಕಿ ಮುಚ್ಚಿ ಅಳೆಯುತ್ತಿದ್ದವರು

ಸೇರಿರುವ ಹಿರಿಯರಿಗೆ, ನಮ್ಮನ್ನು ಅಗಲಿದ ಸಗಿನ್‌ಬೆಕ್ ಅಣ್ಣನ ಹೆಂಡತಿ ಬೆರ್ಮೆತ್ ಅಕ್ಕನಿಗೆ, ಅವರ ಇಬ್ಬರು ಹೆಣ್ಣುಮಕ್ಕಳಿಗೆ ತಲೆಬಾಗಿ ನಮಸ್ಕರಿಸುತ್ತೇನೆ. ಸಭೆಯಲ್ಲಿ ಮಾತಾಡಿ ನನಗೆ ಅಭ್ಯಾಸವಿಲ್ಲ.

ಈಗಷ್ಟೇ ನಮ್ಮ ಮುಖ್ಯಸ್ಥರು, ಸಗಿನ್‌ಬೆಕ್ ಅಣ್ಣನದು ದೊಡ್ಡ ಹೃದಯ, ಅದೇ ಕೈಕೊಟ್ಟಿತು ಎಂದರು. ಕೇಳುತ್ತಾ ನನಗೆ ಹೇಸಿಗೆಯಾಯಿತು. ಕ್ಷಮಿಸಿ — ಬೇರೆ ಮಾತು ಸಿಗಲಿಲ್ಲ.

ಹೃದಯಕ್ಕೆ ಏನೂ ಆಗಿರಲಿಲ್ಲ. ಅಣ್ಣನ ಮನೆಯ ಬಚ್ಚಲಲ್ಲಿ ನೀರು ಕಾಯಿಸುವ ಗ್ಯಾಸ್ ಉರಿಯುತ್ತಿತ್ತು. ಅದರ ವಿಷಗಾಳಿ ಮೇಲೆ ಹೋಗದೆ ಒಳಗೇ ನಿಂತಿತು.

ಹದಿನೆಂಟು ವರ್ಷ ಬಿಷ್ಕೆಕ್ಕಿನ ಮನೆಗಳಲ್ಲಿ ಗಾಳಿ ಆಡುತ್ತದೆಯೇ ಎಂದು ಅಳೆದವರು ಅವರು. ನಾವೂ ಅಳೆಯುತ್ತೇವೆ. ಹೇಗೆ — ಬೆಲ್ ಒತ್ತುತ್ತೇವೆ. ಅತಿಥಿ ಬಂದನೆಂದು ಮನೆಯವರು ಮೊದಲು ಕಿಟಕಿ ತೆರೆಯುತ್ತಾರೆ. ಗೋಡೆಯ ಗಾಳಿಕಿಂಡಿಗೆ ಕಾಗದದ ಚೂರು ಹಿಡಿಯುತ್ತೇವೆ, ಹೀಗೆ. ತೆರೆದ ಕಿಟಕಿಯಿಂದ ಗಾಳಿ ನುಗ್ಗುವಾಗ ಎಂಥ ಕಿಂಡಿಗೂ ಅಂಟಿಕೊಳ್ಳುತ್ತದೆ. ಸಹಿ. ಎರಡು ನಿಮಿಷ.

ಅಣ್ಣ ಕಿಟಕಿ ಮುಚ್ಚಿಸುತ್ತಿದ್ದರು. ಅರ್ಧ ಗಂಟೆ ಸುಮ್ಮನೆ ಕೂರುತ್ತಿದ್ದರು. "ಜನವರಿ ಚಳೀಲಿ ಹೇಗಿರ್ತೀರೋ ಹಾಗೇ ಇರಿ" ಎನ್ನುತ್ತಿದ್ದರು. ಆಮೇಲೆ ಕಾಗದ.

ಕಚೇರಿಯಲ್ಲಿ ನಾವು ನಗುತ್ತಿದ್ದೆವು. "ಏನಣ್ಣ, ಇವತ್ತು ಮನೆ ಎಷ್ಟು, ಚಹಾ ಎಷ್ಟು?"

"ಮನೆ ಐದು, ಚಹಾ ಆರು. ಒಂದು ಕಡೆ ಎರಡು ಸಲ ಅಳೀಬೇಕಾಯ್ತು ಕಣ್ರೋ."

ತಮ್ಮ ಮನೆಯನ್ನು ತಾವೇ ಅಳೆಯುವಂತಿಲ್ಲ. ಸೆಪ್ಟೆಂಬರಿನಲ್ಲಿ ಅಣ್ಣನ ಮನೆಗೆ ಅಳೆಯಲು ಹೋದವನು ನಾನು. ಅಕ್ಕ ಬೋರ್ಸೋಕ್ ಕರಿಯುತ್ತಿದ್ದರು. "ಬಾ ತಮ್ಮ, ಎಣ್ಣೆ ಹೊಗೆ ತುಂಬಿದೆ, ತಡಿ" ಎಂದು ಕಿಟಕಿ ತೆರೆದರು.

ಅಕ್ಕ, ನಿಮ್ಮ ತಪ್ಪಲ್ಲ. ಬಂದವರಿಗೆ ನಾವೆಲ್ಲ ಹಾಗೇ ಮಾಡುತ್ತೇವೆ. ಮುಚ್ಚಿ ಎನ್ನಬೇಕಾದವನು ನಾನು. ನಾನು ಬಿಸಿ ಬೋರ್ಸೋಕ್ ತಿಂದೆ, ಕಾಗದ ಹಿಡಿದೆ, ಸಹಿ ಹಾಕಿದೆ.

ಸಂಜೆ ಅಣ್ಣ ಕೇಳಿದರು, "ಮುಚ್ಚಿ ನೋಡಿದ್ಯೇನೋ?"

"ಹ್ಞೂಂ ಅಣ್ಣ."

"ಹಾಗಾದ್ರೆ ಬಿಡು. ನೀನು ನೋಡಿದ್ರೆ ನಾನು ನೋಡಿದ ಹಾಗೆ."

ಮೊನ್ನೆ, ಅವರನ್ನು ಮಣ್ಣು ಮಾಡಿ ಬಂದ ಮೇಲೆ, ಆ ಗಾಳಿಕಿಂಡಿಯೊಳಗೆ ದೀಪ ಬಿಟ್ಟು ನೋಡಿದೆ. ಮೇಲಿನ ಮನೆಯವರು ಅಡುಗೆಮನೆ ಹೊಸದು ಮಾಡುವಾಗ ಗಾಳಿ ಮೇಲೆ ಹೋಗುವ ಕೊಳವೆಯ ಮುಕ್ಕಾಲು ಭಾಗ ಇಟ್ಟಿಗೆ ತುಂಬಿದ್ದಾರೆ. ಅಂದೇ ಕಿಟಕಿ ಮುಚ್ಚಿಸಿದ್ದರೆ ನನ್ನ ಕಾಗದ ಕೆಳಗೆ ಬೀಳುತ್ತಿತ್ತು.

ಮುಖ್ಯಸ್ಥರಿಗೆ ಹೇಳಿದೆ. "ಹೃದಯ ಅಂತ ಬರೆದಾಯ್ತು. ನಿನಗೂ ಒಳ್ಳೇದೇ ಅಲ್ವೇನೋ? ಅತ್ತು ಸುಮ್ಮನಾಗು" ಎಂದರು. ಒಂದು ಗಳಿಗೆ — ಒಂದೇ ಗಳಿಗೆ — ನನಗೆ ಸಮಾಧಾನವಾಯಿತು. ಎಲ್ಲಕ್ಕಿಂತ ಹೇಸಿಗೆ ಅದು. ಮೂರು ದಿನದಿಂದ ಕೈ ತೊಳೆಯುತ್ತಿದ್ದೇನೆ, ಹೋಗುತ್ತಿಲ್ಲ.

ಅದೇ ಕೊಳವೆಗೆ ಕೆಳಗೆ ಇನ್ನೂ ಮೂರು ಮನೆಗಳಿವೆ. ನೀವು ಇಲ್ಲೇ ಕೂತಿದ್ದೀರಿ, ನೋಡುತ್ತಿದ್ದೇನೆ. ನಿಮ್ಮ ಕಾಗದಗಳ ಮೇಲೂ ನನ್ನದೇ ಸಹಿ. ಅದನ್ನು ನಂಬಬೇಡಿ. ಇವತ್ತು ಗ್ಯಾಸ್ ಹಚ್ಚಬೇಡಿ, ಮಕ್ಕಳಿಗೆ ಸ್ನಾನ ಮಾಡಿಸಬೇಡಿ. ಇಲ್ಲಿಂದ ನೇರ ನಿಮ್ಮ ಮನೆಗೇ ಬರುತ್ತೇನೆ. ಕೆಲಸ ಹೋದರೆ ಹೋಗಲಿ.

ಈಗ ದಯವಿಟ್ಟು ಎದ್ದು ನಿಲ್ಲಿ — ಅಳೆಯುವ ಕೆಲಸದವರು ಮೊದಲು. ಬೆರ್ಮೆತ್ ಅಕ್ಕ, ನೀವು ಕೂತಿರಿ. ನಿಲ್ಲಬೇಕಾದವರು ನಾವು. ಒಂದು ನಿಮಿಷ ಯಾರೂ ಅವರನ್ನು ಹೊಗಳುವುದು ಬೇಡ.