ತನ್ನ ಕುದುರೆಯ ಗುರುತು

ಕಡಲಾಚೆಯ ಅಮೆರಿಕ ಇನ್ನೂ ಎಳೆಯ ರಾಷ್ಟ್ರವಾಗಿದ್ದ ಕಾಲದಲ್ಲಿ ಅಲ್ಲಿ ಒಬ್ಬ ವಕೀಲನಿದ್ದ. ಬರಿಯ ವಕೀಲನಲ್ಲ, ಶಾಸನಸಭೆಯ ಸದಸ್ಯ. ಕುದುರೆ ಕದ್ದವನಿಗೆ ಗಲ್ಲು ಎಂಬ ಕಾಯಿದೆಯನ್ನು ವಾದಿಸಿ ಗೆಲ್ಲಿಸಿದವನೇ ಅವನು. ಆ ಕಾಡುನಾಡಿನಲ್ಲಿ ಕುದುರೆ ಹೋದರೆ ಕಾಲೇ ಹೋದ ಹಾಗೆ. ಜನ ಅವನನ್ನು ಹರಸಿದರು.

ಅಲ್ಲೊಂದು ಪದ್ಧತಿಯಿತ್ತು, ನೋಡಿ. ಊರೂರಿಗೆ ನ್ಯಾಯಾಧೀಶರಿರಲಿಲ್ಲ. ಒಬ್ಬ ನ್ಯಾಯಾಧೀಶನೂ ನಾಲ್ಕಾರು ವಕೀಲರೂ ಒಟ್ಟಾಗಿ ಕುದುರೆಯೇರಿ ಊರಿಂದೂರಿಗೆ ಹೋಗುವರು. ಒಂದೇ ಛತ್ರದಲ್ಲಿ ಉಣ್ಣುವರು, ಒಂದೇ ಲಾಯದಲ್ಲಿ ಕುದುರೆ ಕಟ್ಟುವರು.

ಅಂಥದೊಂದು ಲಾಯದಿಂದ ಒಬ್ಬ ಬಡಗಿ ಪರರ ಕುದುರೆಯನ್ನೇರಿ ಹೋಗಿ ಸಿಕ್ಕಿಬಿದ್ದ.

ಕಟಕಟೆಯಲ್ಲಿ ನಿಂತು ಅವನೆಂದ: "ಮಂಜು ಮುಸುಕಿತ್ತು ಸ್ವಾಮಿ. ನಂದೂ ಕಂದು ಕುದುರೇನೇ. ತಪ್ಪಿ ಹತ್ಬಿಟ್ಟೆ."

ಅವನ ವಿರುದ್ಧ ವಾದಿಸುತ್ತಿದ್ದ ನಮ್ಮ ವಕೀಲ ನೆರೆದ ಜನರತ್ತ ತಿರುಗಿದ. "ತನ್ನ ಕುದುರೆ ಯಾವುದು ಅಂತ ಗೊತ್ತಿಲ್ದ ಗಂಡಸು ಇದಾನೇನ್ರಪ್ಪಾ? ನಾಳೆ ಮಂಜಿತ್ತು ಅಂತ ಪಕ್ಕದ ಮನೆಗೇ ಹೋಗಿ ಮಲಗ್ತಾನೋ ಏನೋ."

ನ್ಯಾಯಾಲಯವೆಲ್ಲ ನಕ್ಕಿತು. ಆ ನಗುವಿನಲ್ಲೇ ಬಡಗಿಯ ಕೊರಳಿಗೆ ಹಗ್ಗ ಬಿತ್ತು.

ಮರುವರ್ಷ ಅದೇ ಛತ್ರ, ಅದೇ ಮಂಜಿನ ಮುಂಜಾನೆ. ಚುನಾವಣೆಯ ಭಾಷಣಕ್ಕೆ ಹೊತ್ತಾಯಿತೆಂದು ವಕೀಲ ಲಾಯದಲ್ಲಿ ಜೀನು ಬಿಗಿದು ನಿಂತಿದ್ದ ಕುದುರೆಯೊಂದನ್ನು ತನ್ನದೆಂದುಕೊಂಡು ಹತ್ತಿ ಹೊರಟ. ಎರಡು ಹರದಾರಿ ಸಾಗಿದ ಮೇಲೆ ಜೀನಿನ ಚೀಲಕ್ಕೆ ಕೈಹಾಕಿದರೆ, ಯಾರದೋ ಹೊಗೆಸೊಪ್ಪಿನ ಚಿಲುಮೆ. ಕುದುರೆ ತನ್ನದಲ್ಲ! ಅಷ್ಟರಲ್ಲಿ ಬೆನ್ನ ಹಿಂದೆ ಗೊರಸಿನ ಸದ್ದು. ಕುದುರೆಯ ಒಡೆಯ ಪೇದೆಗಳೊಂದಿಗೆ ಬಂದಿದ್ದ.

ಅದೇ ಕಟಕಟೆ. ತಾನೇ ಗೆಲ್ಲಿಸಿದ ಕಾಯಿದೆ. ನ್ಯಾಯಾಧೀಶ ಮಾತ್ರ ನಕ್ಕುಬಿಟ್ಟ.

"ನಮ್ಮ ವಕೀಲರು ಕಳ್ಳರೇ? ಮಂಜು ಬೇರೆ ಇತ್ತು. ಕೈತಪ್ಪು, ಬಿಡ್ರಪ್ಪ."

ಬದುಕಿದೆ ಎಂದುಕೊಂಡು ವಕೀಲ ಬೆವರೊರೆಸಿಕೊಂಡ. ಆಗ ಹಿಂದಿನ ಬೆಂಚಿನಿಂದ ಒಬ್ಬ ಹೆಂಗಸು ಎದ್ದಳು. ಬಡಗಿಯ ಹೆಂಡತಿ. ದನಿ ಏರಿಸಲಿಲ್ಲ.

"ಒಂದು ಮಾತು ಕೇಳ್ಬೇಕಿತ್ತು ವಕೀಲರೇ. ತನ್ನ ಕುದುರೆ ಯಾವುದು ಅಂತ ಗೊತ್ತಿಲ್ದ ಗಂಡಸು ಇದಾನೇನು?"

ಯಾರೂ ನಗಲಿಲ್ಲ. ವಕೀಲನ ಕೈ ತಾನಾಗಿ ಕೊರಳನ್ನು ಮುಟ್ಟಿ ನೋಡಿಕೊಂಡಿತು. ಆ ಬಡಗಿ ನಿಜವನ್ನೇ ಹೇಳಿದ್ದ! ಬಿಡುಗಡೆಯಾಗಿತ್ತು, ಆದರೂ ಅವನು ಕಟಕಟೆಯಿಂದ ಇಳಿಯಲಾರದೆ ನಿಂತೇ ಇದ್ದ.

ಈಗ ಹೇಳಿ, ಆ ಕಟಕಟೆಯಲ್ಲಿ ನಿಂತಿರುವವರು ಯಾರು? ನೀವೇ ಅಲ್ಲವೇ? ಮೊನ್ನೆ ಮದುವೆಮನೆಯಿಂದ ಬೇರೆಯವರ ಚಪ್ಪಲಿ ಮೆಟ್ಟಿಕೊಂಡು ಬಂದಿರಿ. ಏನೆಂದಿರಿ? ಅದಲುಬದಲಾಯಿತು ಎಂದಿರಿ. ಮನೆಗೆಲಸದಾಕೆಯ ಚೀಲದಲ್ಲಿ ನಿಮ್ಮ ಚಮಚ ಸಿಕ್ಕಾಗ? ಆಗ ಏನೆಂದಿರಿ? ಕಳವು ಎಂದಿರಿ. ತಪ್ಪು ಒಂದೇ, ಹೆಸರು ಮಾತ್ರ ಎರಡು. ನೋಡಿ, ನಿಮ್ಮ ಒಂದು ನಗುವಿನಲ್ಲಿ ಯಾರದೋ ಅನ್ನ ಹೋಗುತ್ತದೆ, ಮಾನ ಹೋಗುತ್ತದೆ. ನಾಳೆ ಬೆಳಗ್ಗೆ ಆಕೆ ಬಾಗಿಲಿಗೆ ಬಂದಾಗ ಕೂರಿಸಿ. ಆಕೆಯ ಮಾತನ್ನು ಕೊನೆಯವರೆಗೆ ಕೇಳಿ. ನಗಬೇಡಿ. ನಿಮ್ಮ ತಪ್ಪಿಗೆ ನೀವು ಇಟ್ಟುಕೊಂಡ ಹೆಸರನ್ನೇ ಆಕೆಯ ತಪ್ಪಿಗೂ ಇಡಿ.