ಹೊಳೆ ದಾಟುವ ಕೂಗು

ಒಂದೂರಲ್ಲಿ ಹನ್ನೆರಡು ದೋಣಿಗಳಿದ್ದವು. ಸರ್ಕಾರದವರು ಬಂದು ಹನ್ನೆರಡಕ್ಕೂ ತೂತು ಕೊರೆದು ಹೋದರು.

ಯಾಕೆ ಅಂತೀರಾ, ಬಂಧುಗಳೇ? ಹೊಳೆಯ ಈಚೆ ದಂಡೆ ಒಂದು ರಾಜ್ಯ, ಆಚೆ ದಂಡೆ ಇನ್ನೊಂದು. ಎರಡೂ ಕಡೆ ಸೈನ್ಯದ ಡೇರೆಗಳು ಎದ್ದಿದ್ದವು. ಅವರು ಒಂದು ತೋಪು ತಂದರೆ ಇವರು ಎರಡು ತರುತ್ತಿದ್ದರು. ಆ ಎರಡನ್ನು ಕಂಡು ಅವರು ನಾಲ್ಕು ತರುತ್ತಿದ್ದರು. ಇಷ್ಟರ ನಡುವೆ ಸರ್ಕಾರಕ್ಕೆ ಅಪಾಯವಾಗಿ ಕಂಡದ್ದು ಯಾವುದು? ಮದುವೆ ದಿಬ್ಬಣ ದಾಟಿಸುವ ದೋಣಿ.

ಆ ಊರಲ್ಲಿ ಒಬ್ಬ ತಾಯಿ ಇದ್ದಳು. ಇದ್ದೊಬ್ಬ ಮಗಳನ್ನು ಆಚೆ ದಂಡೆಗೆ ಕೊಟ್ಟಿದ್ದಳು. ಬಸುರಿ ಮಗಳಿಗೆ ಏಳು ತಿಂಗಳು ತುಂಬಿ ಎಂಟರಲ್ಲಿ ಬಿದ್ದಿತ್ತು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕಲ್ಲವೇ? ತಾಯಿ ಹಸಿರು ಬಳೆ ತಂದಿಟ್ಟಿದ್ದಳು. ಬಾಣಂತಿಗೆ ತಿನ್ನಿಸುವ ಅಂಟಿನುಂಡೆಗೆ ಕೊಬ್ಬರಿ ತುರಿದಿಟ್ಟಿದ್ದಳು. ಹಳೆಯ ಸೀರೆಗಳನ್ನು ಹರಿದು ಕೂಸಿಗೆ ಹಾಸಲು ಕೌದಿ ಹೊಲಿದಿದ್ದಳು. ಕರೆತರಲು ದೋಣಿಯಿಲ್ಲ.

ನೋಡಿ, ಆ ಹೊಳೆಯವರಲ್ಲಿ ಒಂದು ರೂಢಿ ಇತ್ತು. ಬೆಳಗಿನ ಗಾಳಿ ಏಳುವ ಮುಂಚೆ ದಂಡೆಯ ಬಂಡೆ ಹತ್ತಿ, ಬಾಯಿಗೆ ಕೈ ಅಡ್ಡ ಹಿಡಿದು, ಮಾತಿನ ಕೊನೆಯನ್ನು ಉದ್ದಕ್ಕೆ ಎಳೆದು ಕೂಗಿದರೆ ಆಚೆಗೆ ಕೇಳಿಸುತ್ತಿತ್ತು. ಕೇಳಿಸಿಕೊಂಡವರು ಎಂಥ ಕೆಲಸವಿದ್ದರೂ ಹೊರಗೆ ಬಂದು ಮರುಕೂಗು ಕೊಡಬೇಕು.

“ನಿದ್ದಿ ಆತೇನ ಮಗಳ...?”

“ಆತ ಯವ್ವಾ... ಕೂಸು ಒದೀತೈತಿ...”

ಅಷ್ಟೇ. ಆ ಎರಡು ಮಾತನ್ನು ಮಡಿಲಿಗೆ ಕಟ್ಟಿಕೊಂಡು ಆಕೆ ಇಡೀ ದಿನ ದುಡಿಯುತ್ತಿದ್ದಳು.

ಒಂದು ದಿನ ಸೈನ್ಯದ ಸಾಹೇಬ ಆಕೆಯ ಮನೆಗೇ ಬಂದ. ಆಚೆಯವರನ್ನು ಹೆದರಿಸಲು ಸರ್ಕಾರ ಅವನಿಗೆ ದೊಡ್ಡ ಮೈಕು ಕೊಟ್ಟಿತ್ತು. ಆದರೆ ಮೈಕಿನ ಮಾತು ಕೇಳಿ ಆಚೆಯವರು ನಗುತ್ತಿದ್ದರು. ಅವರು ನಂಬುತ್ತಿದ್ದದ್ದು ಈ ತಾಯಿಯ ಗಂಟಲನ್ನು.

“ನೋಡಬೇ, ನಾಳೆ ಕಲ್ಲಿನ ಮ್ಯಾಲ ನಿಂತು ಒಂದ ಮಾತು ಕೂಗು. ‘ನಿಮ್ಮ ತೊಟ್ಟಿಲಿಗೂ ಬೆಂಕಿ ಹಚ್ಚತೀವಿ’ ಅಂತ. ಆಮ್ಯಾಲ ನಮ್ಮ ದೋಣಿ ಕೊಡ್ತೀವಿ, ಮಗಳನ್ನ ಕರ್ಕೊಂಡ ಬಾ.”

“ನನ್ನ ಮಗಳ ಕೇಳಿಸ್ಕೋತಾಳ್ರೀ.”

“ಬರೇ ಬಾಯಿಮಾತ ಅಲ್ಲೇನಬೇ? ಬೆಂಕಿ ಹಚ್ಚಾವ್ರು ನಾವು, ನೀ ಏನ ಹಚ್ಚಂಗಿಲ್ಲ.”

ಮರುದಿನ ಬೆಳಿಗ್ಗೆ ಸಾಹೇಬನ ಹಿಂದೆ ಊರಿಗೆ ಊರೇ ದಂಡೆಗೆ ಬಂತು. ತಾಯಿ ಬಂಡೆ ಹತ್ತಿ ಸುಮ್ಮನೆ ನಿಂತಳು. ನೆರೆಮನೆಯವಳು ಕೆಳಗಿನಿಂದ ಕೆಣಕಿದಳು: “ದಿನಾ ಕೋಳಿಗಿಂತ ಮೊದಲ ಕೂಗ್ತಿದ್ದಿ, ಇವತ್ತ ಗಂಟಲ ಕಟ್ಟೇತೇನ ಅಕ್ಕಾ?” ಎಲ್ಲರೂ ನಕ್ಕರು. ಕೂಗು, ಕೂಗು ಎಂದರು.

ಯಾರು ಅವರು? ಯಾರು, ಹೇಳಿ? ಆ ಗುಂಪಿನಲ್ಲಿ ನನ್ನಂಥ ಪ್ರವಚನದವನೂ ಇದ್ದ. ನೀವೂ ಇದ್ದಿರಿ. ಊಟದ ತಟ್ಟೆ ಮುಂದಿಟ್ಟುಕೊಂಡು, ಟಿವಿಯಲ್ಲಿ ಬಾಂಬು ಬೀಳುವುದನ್ನು ನೋಡುತ್ತಾ ‘ಇನ್ನೊಂದು ಹಾಕಬೇಕಿತ್ತು’ ಅನ್ನುವ ನಾಲಿಗೆ ಯಾರದು? ಕೈಯಲ್ಲಿ ಅನ್ನ ಇರುತ್ತದೆ ತಾಯಂದಿರೇ, ಅನ್ನ. ನಾಳೆಯಿಂದ ಆ ಮಾತು ಬಿಡಿ. ಮೊಬೈಲಿಗೆ ಬಂದ ಬೈಗುಳವನ್ನು ಇನ್ನೊಬ್ಬರಿಗೆ ದಾಟಿಸಬೇಡಿ. ಮಕ್ಕಳ ಎದುರು ‘ಆಚೆಯವರು’ ಎಂದು ಹಲ್ಲು ಕಡಿಯಬೇಡಿ. ಯುದ್ಧ ಬೇಕು ಎಂದು ಭಾಷಣ ಮಾಡಲು ಬಂದವರನ್ನು, ನಿಮ್ಮ ಮನೆಯಿಂದ ಯಾರು ಹೋಗುತ್ತಾರೆ ಎಂದು ಎದ್ದು ನಿಂತು ಕೇಳಿ. ದೇಶದ್ರೋಹಿ ಅಂತಾರೆ. ಅನ್ನಿಸಿಕೊಳ್ಳಿ. ಅನ್ನಿಸಿಕೊಂಡವರು ಯಾರೂ ಸತ್ತಿಲ್ಲ ಎಂದು ನಾನು ಸುಳ್ಳು ಹೇಳುವುದಿಲ್ಲ. ಆದರೂ ಕೇಳಿ.

ಆ ತಾಯಿ ಏನು ಮಾಡಿದಳು?

ಇನ್ನೂ ಬಂಡೆಯ ಮೇಲೇ ಇದ್ದಳು. ಎಂದಿನ ಹೊತ್ತಾದರೂ ಕೂಗು ಬರಲಿಲ್ಲವಲ್ಲ ಎಂದು ಆಚೆ ದಂಡೆಗೆ ಮಗಳು ತಾನೇ ಬಂದಳು. ಸೊಂಟಕ್ಕೆ ಕೈಕೊಟ್ಟು, ಮೆಲ್ಲಗೆ, ನೀರಿನ ಅಂಚಿನ ತನಕ ಬಂದಳು. ಅಷ್ಟು ದೂರದಿಂದ ಮುಖ ಕಾಣದು. ನಿಂತ ರೀತಿ ಕಾಣುತ್ತದೆ.

“ಯವ್ವಾ... ಯಾವಾಗ ಕರಿಯಾಕ ಬರ್ತೀ...?”

ಸಾಹೇಬ ಬಂದೂಕಿನ ಹಿಡಿಯಿಂದ ಬಂಡೆಯನ್ನು ತಟ್ಟಿದ. “ಈಗ ಕೂಗು.”

ತಾಯಿ ಅವನ ಕಡೆ ತಿರುಗಲಿಲ್ಲ. ಮಗಳನ್ನೇ ನೋಡುತ್ತಾ, ಕೆಳಗಿದ್ದವರಿಗಷ್ಟೇ ಕೇಳುವಷ್ಟು ಮೆಲ್ಲಗೆ ಹೇಳಿದಳು:

“ಆ ಮಾತು ಕೇಳಾಕ ಆಕಿ ಎದ್ದು ಬಂದಿಲ್ರೀ ಸಾಹೇಬ್ರ. ನಾ ಕೂಗಂಗಿಲ್ಲ.”