ಔಟ್‌ಡೂ ಅಂದ!

...ನಗಬೇಡಿ ಭಾವ! ನಕ್ಕರೆ ಬಾಯಲ್ಲಿರೋ ಹತ್ತಿ ಗಂಟಲಿಗಿಳಿಯತ್ತೆ. ದವಡೆ ಮರಗಟ್ಟೋ ತನಕ ಸುಮ್ನೆ ಒರಗಿಕೊಂಡಿರಿ. ಕಿವಿ ಮರಗಟ್ಟಿಲ್ಲ ತಾನೆ? ಕೇಳಿ ಹಾಗಾದ್ರೆ.

ನಿನ್ನೆ ನಮ್ಮ ಕ್ಲಿನಿಕ್ಕಿನವರ ಊಟ ಇತ್ತಲ್ಲ, ಅಕ್ಕ ಒಬ್ಬಳೇ ಬಂದಿದ್ಳು. ನೀವು ಹಲ್ಲುನೋವು ಅಂತ ಬರದೇ ಇದ್ದದ್ದೇ ಒಳ್ಳೇದಾಯ್ತು. ನಮ್ಮ ಮರಿ ಡಾಕ್ಟರು... ಈಗ ತಾನೇ ನಿಮಗೆ ಇಂಜೆಕ್ಷನ್ ಚುಚ್ಚಿ ಹೋದ್ನಲ್ಲ, ಅವನೇ... ಮೈಕ್ ಹಿಡ್ಕೊಂಡು ಇಂಗ್ಲಿಷಲ್ಲಿ ಏನಂದ ಗೊತ್ತಾ? "ನಮ್ಮ ಗುರುಗಳನ್ನ ಔಟ್‌ಡೂ ಮಾಡಬೇಕು ಅನ್ನೋದೊಂದೇ ನನ್ನಾಸೆ. ಅವರಿಗೂ ಅದೇ ಇಷ್ಟ." ನನಗೆ ಇಷ್ಟವಂತೆ! ಎಲ್ಲರೂ ಚಪ್ಪಾಳೆ ತಟ್ಟಿದ್ರು. ನಾನೂ ತಟ್ಟಿದೆ. ಥೂ! ಇನ್ನೂ ಕೈ ತೊಳ್ಕೋತಾನೇ ಇದೀನಿ.

ಅದ್ರಲ್ಲೇನು ತಪ್ಪು ಅಂತ ಹುಬ್ಬು ಹಾರಿಸ್ತೀರಾ? ನಮ್ಮ ಮಗಳೂ ಅದನ್ನೇ ಅಂದ್ಳು. ಇಂಗ್ಲಿಷ್ ಟೀಚರ್ ಅಲ್ವಾ, ಪಾಠ ಶುರು ಮಾಡಿದ್ಳು. "ಅಪ್ಪ, ಔಟ್‌ಡೂ ಅಂದ್ರೆ ಹೊರಗೆ ಹಾಕೋದಲ್ಲ, ಮೀರಿಸೋದು. ಭೂತಕಾಲದಲ್ಲಿ ಔಟ್‌ಡಿಡ್. ಆದ್ರೆ ಬರೀ 'ಔಟ್‌ಡಿಡ್' ಅಂದ್ರೆ ವಾಕ್ಯ ಆಗಲ್ಲ, ಯಾರನ್ನ ಅಂತ ಹೇಳಲೇಬೇಕು." ನೋಡಿದ್ರಾ! ಒಬ್ಬನ್ನ ಕೆಳಗೆ ಕೆಡವದೆ ಆ ಪದಕ್ಕೆ ನಿಲ್ಲೋಕೇ ಬರಲ್ಲ! ಇನ್ನೊಂದು ಹೇಳಿದ್ಳು, ನಾಟ್ ಟು ಬಿ ಔಟ್‌ಡನ್. ನಾನೇನು ಕಮ್ಮಿ ಅಂತ ಎದ್ದು ನಿಲ್ಲೋದಂತೆ. ಅದು ಹಿಡಿಸ್ತು ನನಗೆ.

ಇಕ್ಕಳ ಹಿಡಿಯೋದು ಕಲಿಸಿದ್ದು ಯಾರು ಅವನಿಗೆ? ಈಗ ಗುರುವಿಗೇ ತಿರುಮಂತ್ರ! ಆ ನಯ, ಆ ನಾಜೂಕು, ಹೆಗಲು ಸವರಿ "ನೋವಾಯ್ತಾ? ನೋವಾಯ್ತಾ?"... ಹಲ್ಲು ಕೀಳ್ತಾನೋ ಲಾಲಿ ಹಾಡ್ತಾನೋ! ಅಸಹ್ಯ. ಬರೋರೆಲ್ಲ ಅವನೇ ಬೇಕು ಅಂತಾರೆ. ನೀವೂ ಅವನ ಹೆಸರೇ ಹೇಳಿದ್ರಂತೆ... ಇರಲಿ, ಇರಲಿ.

ಅವನೆಲ್ಲಿ ಅಂತಾನಾ? ಅರ್ಜೆಂಟ್ ಕೆಲಸ ಬಂತು... ಕೆಳಗೆ. ನೀವೇ ಕೀಳಿ ಸಾರ್ ಅಂದ. ಹೂಂ, ಅವನೇ ಅಂದ.

ಎಲ್ಲಿ, ಬಾಯಿ ತೆಗೀರಿ. ಅಬ್ಬಬ್ಬ, ಏನು ನಾತ! ಬೇಜಾರಾಗಬೇಡಿ ಭಾವ. ಜೀವಮಾನ ಇಡೀ ಕಂಡವರ ಬಾಯೊಳಗೆ ಮೂಗು ಇಟ್ಟವನು... ಈಗೀಗ ವಾಕರಿಕೆ ಬರತ್ತೆ. ಇಕ್ಕಳ... ಹಾಂ... ಥತ್! ಈ ತಟ್ಟೆ ಯಾಕೆ ಹಿಂಗೆ ಗಲಗಲ ಅನ್ನತ್ತೆ?

ಏನು ನೋಡ್ತೀರಿ? ಕೈಯಾ? ಕೈಗೇನಾಗಿದೆ? ಚಳಿ ಅಷ್ಟೇ. ಏಸಿ ಜಾಸ್ತಿ ಇಟ್ಟಿದಾರೆ. ಬಾಯಿ... ಅಯ್ಯೋ, ಬಾಯಿ ಯಾಕೆ ಮುಚ್ಚಿದ್ರಿ? ತೆಗೀರಿ! ಅಕ್ಕನ ದವಡೆಹಲ್ಲು ಕಿತ್ತಿದ್ದು ನಾನಲ್ವಾ? ಕಿತ್ತಿದ್ದೇ ಗೊತ್ತಾಗಲಿಲ್ಲ ಕಣೋ ಅಂದಿದ್ಳು... ಯಾವಾಗಲೋ. ನನ್ನ ಕೈ ಯಾಕೆ ಹಿಡ್ಕೊಂಡ್ರಿ ಭಾವ?

ಬಾಗಿಲಾ? ಬಡ್ಕೊಳ್ಳಲಿ ಬಿಡಿ. ಗಾಳಿ ಇರಬೇಕು... ಗಾಳಿ "ಸಾರ್, ಸಾರ್" ಅನ್ನಲ್ಲ ಅಂತ ನನಗೂ ಗೊತ್ತು! ಏನಾದ್ರೂ ಅನ್ನಿ ಭಾವ. ಬೇಕಿದ್ರೆ ಬೈಯಿರಿ. ಹಾಗೆ ಮಾತ್ರ ನೋಡಬೇಡಿ...

...ಸರಿ. ಇಕ್ಕಳ ಕೆಳಗಿಟ್ಟೆ. ಈಗ ಕೈ ಬಿಡಿ ಭಾವ. ಬಿಟ್ರೆ ತಾನೆ ನಾನು ಚಿಲಕ ತೆಗೆಯೋದು?